ತಪ್ಪು ಅಂತ ಒಪ್ಪಿದ ಮೇಲೂ ಮನಸ್ಸು ಅಲ್ಲಾಡದಿದ್ದರೆ? ನಿಮ್ಮ ನಿಲುವು ಹುಡುಕಿಕೊಳ್ಳಲು ಒಂದು ಮಾರ್ಗದರ್ಶಿ

ಒಬ್ಬರು ನಿಮ್ಮೆದುರು ಕೂತು ಹೇಳುತ್ತಾರೆ: "ಹೌದು, ಇದು ತಪ್ಪು. ನನಗೆ ಚೆನ್ನಾಗಿ ಗೊತ್ತು. ಆದರೆ ಅದರಿಂದ ನನಗೇನೂ ಅನ್ನಿಸುವುದಿಲ್ಲ." ಕೋಪ ಇಲ್ಲ, ನಾಟಕ ಇಲ್ಲ. ಹೇಳಿ ಸುಮ್ಮನಾಗುತ್ತಾರೆ. ಈಗ ನೀವೇನಂತೀರಿ? "ಇವರಿಗೆ ಅದು ತಪ್ಪು ಅಂತ ನಿಜವಾಗಿ ಅನ್ನಿಸಿಯೇ ಇಲ್ಲ, ಬರೀ ಬಾಯಿಮಾತು" ಅನ್ನಬಹುದು. ಇಲ್ಲವೇ "ಅನ್ನಿಸಿದೆ, ಆದರೆ ತಪ್ಪು ಅಂತ ತೀರ್ಮಾನಿಸುವುದೇ ಬೇರೆ, ಅದರ ಪ್ರಕಾರ ನಡೆಯೋಣ ಅಂತ ಮನಸ್ಸಾಗುವುದೇ ಬೇರೆ" ಅನ್ನಬಹುದು. ಮೊದಲನೆಯದನ್ನು ಹೇಳುವವರಿಗೆ ಮೆಟಾಎಥಿಕ್ಸ್‌ನಲ್ಲಿ (ನೈತಿಕ ಮಾತು, ತೀರ್ಮಾನ ಅಂದರೇನು ಅಂತ ವಿಚಾರಿಸುವ ತತ್ವಶಾಸ್ತ್ರದ ಶಾಖೆಯಲ್ಲಿ) ಇಂಟರ್ನಲಿಸ್ಟ್ ಅಂತ ಹೆಸರು, ಎರಡನೆಯವರಿಗೆ ಎಕ್ಸ್‌ಟರ್ನಲಿಸ್ಟ್.

ಈ ಜಗಳದ ಬಗ್ಗೆ ಓದಲು ಹೊರಟ ಬಹಳ ಜನ ಮೊದಲ ದಿನವೇ ಒಂದು ಪಕ್ಷ ಸೇರಿಬಿಡುತ್ತಾರೆ. ಆಮೇಲೆ ಓದಿದ್ದೆಲ್ಲ ಆ ಪಕ್ಷಕ್ಕೆ ಗೊಬ್ಬರ ಆಗುತ್ತದೆ ಅಷ್ಟೇ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಪಕ್ಷ ಕೊನೆಗೆ ಬರುತ್ತದೆ. ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಳ್ಳಿ. ತಲೆಯಲ್ಲೇ ಮಾಡಿಕೊಂಡರೆ ನಡುವೆ ನೀವೇ ನಿಮಗೆ ಗೊತ್ತಾಗದ ಹಾಗೆ ನಿಯಮ ಬದಲಾಯಿಸುತ್ತೀರಿ. ಈ ವಿಷಯದಲ್ಲಿ ದೊಡ್ಡ ದೊಡ್ಡವರೂ ಜಾರಿರುವುದು ಅಲ್ಲೇ.

ಹೆಜ್ಜೆ 1: ಮೊದಲು ಮೂರು ಗಂಟು ಬಿಡಿಸಿ

ಒಂದನೇ ಗಂಟು: ಇಲ್ಲಿ ಮಾತು ತೀರ್ಮಾನದ ಬಗ್ಗೆ, ಸತ್ಯದ ಬಗ್ಗೆ ಅಲ್ಲ. ಒಬ್ಬನ ನೈತಿಕ ತೀರ್ಮಾನ ಪೂರ್ತಿ ತಪ್ಪಾಗಿರಬಹುದು. ಆದರೂ ಅದರಂತೆ ನಡೆಯಲು ಅದು ಅವನನ್ನು ಎಳೆಯುತ್ತದಾ ಇಲ್ಲವಾ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಎರಡನೇದು: ಎಳೆತ ಬೇರೆ, ಕೆಲಸ ಬೇರೆ. ಇಂಟರ್ನಲಿಸ್ಟ್ ಯಾರೂ "ಸರಿ ಅನ್ನಿಸಿದ್ದನ್ನು ಜನ ಮಾಡಿಯೇ ತೀರುತ್ತಾರೆ" ಅನ್ನುವುದಿಲ್ಲ. ಸ್ವಲ್ಪವಾದರೂ ಆ ಕಡೆ ಮನಸ್ಸು ಜಗ್ಗುತ್ತದೆ ಅನ್ನುತ್ತಾರೆ, ಅಷ್ಟೇ. ಆ ಜಗ್ಗಾಟ ಭಯದ ಎದುರೋ ಆಸೆಯ ಎದುರೋ ಸೋಲಬಹುದು. ಹಾಗಾಗಿ "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಅನ್ನುವ ಥರದ ಜನರನ್ನು ತೋರಿಸಿ ಇಂಟರ್ನಲಿಸಂ ಸುಳ್ಳು ಅಂತ ಸಾಧಿಸಲು ಹೋಗಬೇಡಿ. ಅಂಥವರಲ್ಲಿ ಅರ್ಧ ಜನಕ್ಕೆ ಒಳಗೆ ಚುಚ್ಚುತ್ತಿರುತ್ತದೆ, ಉಳಿದರ್ಧಕ್ಕೆ ತಾವು ಹೇಳುವುದರಲ್ಲಿ ನಂಬಿಕೆಯೇ ಇರುವುದಿಲ್ಲ. ಎರಡೂ ಇಂಟರ್ನಲಿಸ್ಟ್‌ಗೆ ಸಲೀಸು.

ಮೂರನೇದು: ಎಳೆತ ಬೇರೆ, ಕಾರಣ ಬೇರೆ. "ಅವನಿಗೆ ಹಾಗೆ ಮಾಡಲು ಕಾರಣ ಇದೆಯಾ?" ಅನ್ನುವುದು ಇನ್ನೊಂದು ಚರ್ಚೆ. ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಆಂತರಿಕ ಕಾರಣ, ಬಾಹ್ಯ ಕಾರಣ ಅಂತ ಬರೆದದ್ದು ಅದರ ಬಗ್ಗೆ. ಅಲ್ಲೂ ಇವೇ ಎರಡು ಹೆಸರು ಓಡಾಡುವುದರಿಂದ ಜನ ಕಲಸಿಬಿಡುತ್ತಾರೆ. ನಮಗೆ ಈಗ ಅದು ಬೇಡ. ಈ ಹೆಸರುಗಳನ್ನು ಚಾಲ್ತಿಗೆ ತಂದವರು 1947ರಲ್ಲಿ ಡಬ್ಲ್ಯು. ಡಿ. ಫಾಕ್, ಆಮೇಲೆ 1958ರಲ್ಲಿ ವಿಲಿಯಂ ಫ್ರಾಂಕೆನಾ. ಪ್ರಶ್ನೆ ಮಾತ್ರ ಸಾಕ್ರೆಟಿಸ್‌ನಷ್ಟು ಹಳೆಯದು.

ಹೆಜ್ಜೆ 2: ಒಂದೇ ಒಂದು ಪ್ರಸಂಗ ಹಿಡಿಯಿರಿ

ಹತ್ತು ಉದಾಹರಣೆ ಬೇಡ. ಒಂದನ್ನೇ ಹಿಡಿದು, ಒಂದೊಂದು ಸಲ ಒಂದೊಂದು ಅಂಶ ಮಾತ್ರ ಬದಲಾಯಿಸಬೇಕು. ನಿಮ್ಮದೇ ಪ್ರಸಂಗ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇದನ್ನು ಇಟ್ಟುಕೊಳ್ಳಿ.

ಒಬ್ಬ ಹಿರಿಯ ಅಕೌಂಟೆಂಟ್. ಲೆಕ್ಕದ ಶೀಟಿನಲ್ಲಿ ಒಂದು ಸಾಲು ಎರಡು ಸಲ ಸೇರಿಹೋಗಿದೆ. ಸೇರಿಸಿದ್ದು ಅವಳೇ. ಮೀಟಿಂಗ್‌ನಲ್ಲಿ ಬೈಸಿಕೊಂಡಿದ್ದು ಮಾತ್ರ ಹೊಸದಾಗಿ ಸೇರಿದ ಹುಡುಗ. ಫೈಲ್ ಕೊನೆಗೆ ಕಳಿಸಿದ್ದು ಅವನಾದ್ದರಿಂದ ಎಲ್ಲರೂ ಅವನದೇ ತಪ್ಪು ಅಂದುಕೊಂಡರು. ಈಗ ಸಂಜೆ. ಅವಳು ಮೇನೇಜರ್‌ಗೆ ಮೇಲ್ ಬರೆದಿದ್ದಾಳೆ: "ಆ ತಪ್ಪು ನನ್ನದು." ಡ್ರಾಫ್ಟ್‌ನಲ್ಲಿದೆ. ಕರ್ಸರ್ ಸೆಂಡ್ ಬಟನ್ ಮೇಲೆ ನಿಂತಿದೆ. "ನಾನು ಇದನ್ನು ಹೇಳಲೇಬೇಕು" ಅಂತ ಅವಳು ತೀರ್ಮಾನಿಸಿದ್ದಾಳೆ. ನಮ್ಮ ಇಡೀ ಪ್ರಶ್ನೆ ಆ ತೀರ್ಮಾನಕ್ಕೂ ಅವಳ ಬೆರಳಿಗೂ ನಡುವೆ ಏನಿದೆ ಅನ್ನುವುದು.

ಹೆಜ್ಜೆ 3: ನಿಮ್ಮ ಮಾತು ಎಷ್ಟು ಗಟ್ಟಿ ಅಂತ ಬರೆಯಿರಿ

ಇದೇ ಮುಖ್ಯವಾದ ಹೆಜ್ಜೆ, ಎಲ್ಲರೂ ಹಾರಿಸಿಬಿಡುವ ಹೆಜ್ಜೆಯೂ ಇದೇ. ಕೆಳಗಿನವುಗಳಲ್ಲಿ ಈಗ ನಿಮಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನು ನಿಮ್ಮ ಮಾತಿನಲ್ಲಿ ಹಾಳೆಯ ಮೇಲೆ ಬರೆದಿಡಿ.

ಗಟ್ಟಿ ಇಂಟರ್ನಲಿಸಂ: ಯಾರೇ ಆಗಲಿ, ಯಾವ ಸ್ಥಿತಿಯಲ್ಲೇ ಇರಲಿ, "ನಾನು ಇದನ್ನು ಮಾಡಬೇಕು" ಅಂತ ನಿಜವಾಗಿ ತೀರ್ಮಾನಿಸಿದರೆ ಸ್ವಲ್ಪವಾದರೂ ಎಳೆತ ಇದ್ದೇ ಇರುತ್ತದೆ. ಇಲ್ಲದಿದ್ದರೆ ಅದು ತೀರ್ಮಾನವೇ ಅಲ್ಲ.

ಷರತ್ತಿನ ಇಂಟರ್ನಲಿಸಂ: ಆ ವ್ಯಕ್ತಿಯ ವಿವೇಕ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಎಳೆತ ಇರಲೇಬೇಕು. ಮೈಕೆಲ್ ಸ್ಮಿತ್ 1994ರಲ್ಲಿ ಹಿಡಿದ ದಾರಿ ಇದು. ಜೇಮ್ಸ್ ಡ್ರೈಯರ್ ವಿವೇಕದ ಬದಲು "ಸಹಜ ಸ್ಥಿತಿಯಲ್ಲಿ" ಅನ್ನುವ ಷರತ್ತು ಹಾಕಿದರು.

ಸಮುದಾಯದ ಇಂಟರ್ನಲಿಸಂ: ಒಬ್ಬೊಬ್ಬರಲ್ಲೂ ಇರಬೇಕಿಲ್ಲ. ಆದರೆ ಯಾರೊಬ್ಬರನ್ನೂ ಎಳೆಯದ ತೀರ್ಮಾನಗಳನ್ನು ಒಂದು ಇಡೀ ಸಮಾಜ ಮಾಡುತ್ತಾ ಕೂತರೆ, ಅವನ್ನು ನೈತಿಕ ತೀರ್ಮಾನ ಅಂತ ಕರೆಯಲು ಆಗುವುದಿಲ್ಲ.

ಎಕ್ಸ್‌ಟರ್ನಲಿಸಂ: ಇಂಥ ಕಡ್ಡಾಯದ ನಂಟು ಯಾವುದೂ ಇಲ್ಲ. ಎಳೆತ ಬರುವುದು ಬೇರೆ ಕಡೆಯಿಂದ. ಕರುಣೆ, ಬೆಳೆದ ರೀತಿ, ಒಳ್ಳೆಯವಳಾಗಿರಬೇಕು ಅನ್ನುವ ಆಸೆ, ನಾಲ್ಕು ಜನ ಏನಂದುಕೊಂಡಾರು ಅನ್ನುವ ಅಳುಕು, ಹೀಗೆ.

ಇಲ್ಲಿ ಒಂದು ಎಚ್ಚರಿಕೆ. ಜಗಳ ಇರುವುದು "ಕಡ್ಡಾಯ" ಅನ್ನುವುದರ ಮೇಲೆ. ಹೆಚ್ಚಿನ ಜನಕ್ಕೆ ಹೆಚ್ಚಿನ ಸಲ ಎಳೆತ ಆಗುತ್ತದೆ ಅನ್ನುವುದನ್ನು ಎಕ್ಸ್‌ಟರ್ನಲಿಸ್ಟ್ ಖುಷಿಯಿಂದ ಒಪ್ಪುತ್ತಾನೆ. ನೂರು ಜನರನ್ನು ಕೇಳಿ, ತೊಂಬತ್ತೊಂಬತ್ತು ಜನಕ್ಕೆ ಎಳೆತ ಇದ್ದರೂ ಅವನಿಗೆ ನಷ್ಟ ಇಲ್ಲ. ಗಟ್ಟಿ ಇಂಟರ್ನಲಿಸ್ಟ್‌ಗಾದರೆ ಆ ಉಳಿದ ಒಬ್ಬರೇ ತಲೆನೋವು.

ಬರೆದಿರಾ? ಈಗ ಅದರ ಕೆಳಗೆ ಇನ್ನೊಂದು ಸಾಲು: "ಈ ಕಾರಣಗಳಿಗೆ ಮಾತ್ರ ವಿನಾಯಿತಿ ಕೊಡುತ್ತೇನೆ." ಅಲ್ಲಿ ಪಟ್ಟಿ ಹಾಕಿ. ಮುಂದಿನ ಪ್ರಸಂಗಗಳನ್ನು ನೋಡುವ ಮೊದಲೇ ಹಾಕಬೇಕು. ಯಾಕೆ ಅಂತ ಆರನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 4: ಪ್ರಸಂಗವನ್ನು ತಿರುಗಿಸಿ ತಿರುಗಿಸಿ ನೋಡಿ

ಮೊದಲ ತಿರುವು, ಸೋತ ಮನಸ್ಸು. ಅವಳು ಸೆಂಡ್ ಒತ್ತುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಮರುದಿನ ಆ ಹುಡುಗ ಎದುರಾದರೆ ಫೋನ್ ನೋಡುವಂತೆ ಮಾಡಿ ಪಕ್ಕಕ್ಕೆ ಸರಿಯುತ್ತಾಳೆ. ಅವನ ಇನ್ನೊಂದು ಕೆಲಸವನ್ನು ಕೇಳದೆಯೇ ತಾನು ಮಾಡಿಕೊಡುತ್ತಾಳೆ. ಇದೆಲ್ಲ ಎಳೆತದ ಗುರುತು, ಅಲ್ವಾ? ಸೋತಿದೆ, ಆದರೆ ಇದೆ. ಗ್ರೀಕರು ಇದಕ್ಕೆ ಅಕ್ರೇಸಿಯಾ ಅಂದರು. ತಿಳಿದೂ ಕೆಟ್ಟದ್ದರ ಕಡೆಗೆ ಯಾರೂ ಹೋಗುವುದಿಲ್ಲ ಅಂತ ಪ್ಲೇಟೋ ಬರೆದ ಸಂವಾದದಲ್ಲಿ ಸಾಕ್ರೆಟಿಸ್ ವಾದಿಸುತ್ತಾನೆ. ಅರಿಸ್ಟಾಟಲ್ ಅದನ್ನು ಒಪ್ಪಲಾರದೆ, ಪೂರ್ತಿ ತಳ್ಳಿಹಾಕಲೂ ಆಗದೆ ಪುಟಗಟ್ಟಲೆ ಒದ್ದಾಡುತ್ತಾನೆ.

ನಮ್ಮಲ್ಲಿ ಈ ಮಾತು ಬಂದಕೂಡಲೇ ದುರ್ಯೋಧನನ ಬಾಯಲ್ಲಿ ಹೇಳಿಸಿದ ಆ ಶ್ಲೋಕ ನೆನಪಾಗುತ್ತದೆ: "ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ, ಜಾನಾಮ್ಯಧರ್ಮಂ ನ ಚ ಮೇ ನಿವೃತ್ತಿಃ." ಎರಡು ಭಾಗವನ್ನೂ ಒಂದೇ ಅಂತ ಓದಿಬಿಡುವುದು ರೂಢಿ. ಸ್ವಲ್ಪ ನಿಧಾನಿಸಿ. ಅಧರ್ಮ ಅಂತ ಗೊತ್ತಿದ್ದೂ ಬಿಡಲಾಗುತ್ತಿಲ್ಲ ಅನ್ನುವುದು ಸೋತ ಮನಸ್ಸಿನ ಮಾತು, ಇಂಟರ್ನಲಿಸ್ಟ್‌ಗೆ ಅದರಿಂದ ತೊಂದರೆ ಇಲ್ಲ. ಧರ್ಮ ಗೊತ್ತಿದ್ದೂ ಆ ಕಡೆ ಮನಸ್ಸೇ ಹೊರಡುವುದಿಲ್ಲ ಅನ್ನುವುದು ಬೇರೆಯೇ ಮಾತು. ಅದನ್ನು ಅಕ್ಷರಶಃ ತೆಗೆದುಕೊಂಡರೆ ದುರ್ಯೋಧನ ಎಕ್ಸ್‌ಟರ್ನಲಿಸ್ಟ್‌ಗಳ ಸಾಕ್ಷಿ. ನಿಮ್ಮ ಹಾಳೆಯಲ್ಲಿ ಬರೆದದ್ದರ ಪ್ರಕಾರ ಅವನಿಗೆ ಧರ್ಮ "ಗೊತ್ತಿತ್ತಾ"? ಉತ್ತರ ಪಕ್ಕದಲ್ಲಿ ಬರೆದುಕೊಳ್ಳಿ.

ಎರಡನೇ ತಿರುವು, ಬತ್ತಿದ ಮನಸ್ಸು. ಇದರ ಮೇಲೆ ಜಾಸ್ತಿ ಹೊತ್ತು ಕೂರಬೇಕು. ಅದೇ ಅಕೌಂಟೆಂಟ್, ಆದರೆ ಈಗ ತಿಂಗಳುಗಳಿಂದ ತೀವ್ರ ಖಿನ್ನತೆಯಲ್ಲಿದ್ದಾಳೆ. ಹಲ್ಲುಜ್ಜುವುದೂ ಬೆಟ್ಟ ಹತ್ತಿದ ಹಾಗೆ. ಡ್ರಾಫ್ಟ್ ನೋಡುತ್ತಾಳೆ. ಆ ಹುಡುಗನಿಗೆ ಅನ್ಯಾಯ ಆಗಿದೆ ಅಂತ ಅವಳಿಗೆ ಪೂರ್ತಿ ಸ್ಪಷ್ಟ. ಯಾರಾದರೂ ಕೇಳಿದರೆ ಕಾರಣ ಸಮೇತ ವಿವರಿಸುತ್ತಾಳೆ. ತಾನು ಹೇಳಬೇಕು ಅನ್ನುವುದರಲ್ಲೂ ಸಂದೇಹ ಇಲ್ಲ. ಆದರೆ ಒಳಗೆ ಏನೂ ಅಲ್ಲಾಡುವುದಿಲ್ಲ. ಕಣ್ಣು ತಪ್ಪಿಸುವುದೂ ಇಲ್ಲ, ಚುಚ್ಚುವುದೂ ಇಲ್ಲ.

ಮೈಕೆಲ್ ಸ್ಟಾಕರ್ 1979ರಲ್ಲಿ ಇಂಥ ಸ್ಥಿತಿಗಳ ಬಗ್ಗೆ ಬರೆದಾಗಿನಿಂದ ಗಟ್ಟಿ ಇಂಟರ್ನಲಿಸಂಗೆ ಉಸಿರು ಕಟ್ಟಿದೆ. ಖಿನ್ನತೆ, ದಣಿವು, ಹತಾಶೆ ಇವು ಒಳ್ಳೆಯದು ಯಾವುದು ಅನ್ನುವ ಅರಿವನ್ನು ಹಾಗೇ ಬಿಟ್ಟು ಅದರ ಕಡೆಗಿನ ಬಯಕೆಯನ್ನು ಮಾತ್ರ ಒಣಗಿಸಬಲ್ಲವು ಅನ್ನುವುದು ಅವರ ವಾದ. ಇದಕ್ಕೆ ಗಟ್ಟಿ ಇಂಟರ್ನಲಿಸ್ಟ್ ಏನನ್ನಬಹುದು? "ಎಳೆತ ಇದೆ, ಆದರೆ ಅವಳಿಗೇ ಗೊತ್ತಾಗದಷ್ಟು ಸಣ್ಣದು" ಅನ್ನಬಹುದು. ಯಾವ ಗುರುತೂ ಇಲ್ಲದ ಎಳೆತವನ್ನು ಇದೆ ಅಂತ ಯಾಕೆ ನಂಬಬೇಕು? ಸಿದ್ಧಾಂತ ಉಳಿಸಲು ತಾನೆ? ಇಲ್ಲವೇ "ಅವಳು ನಿಜವಾಗಿ ತೀರ್ಮಾನಿಸಿಲ್ಲ" ಅನ್ನಬೇಕು. ಹಾಗಂದರೆ ನಿನ್ನೆಯವರೆಗೆ ಅವಳಿಗಿದ್ದ ನೈತಿಕ ತೀರ್ಮಾನಗಳೆಲ್ಲ ಕಾಯಿಲೆ ಬಂದ ದಿನ ಮಾಯವಾದವು, ಗುಣವಾದ ದಿನ ಹೊಸದಾಗಿ ಹುಟ್ಟಿದವು ಅಂತ ಆಯಿತು. ಗುಣವಾದ ಮೇಲೆ ಅವಳೇ ಹೇಳುವುದು "ಆಗಲೂ ನನಗೆ ಗೊತ್ತಿತ್ತು, ಮಾಡಲಾಗಲಿಲ್ಲ ಅಷ್ಟೇ" ಅಂತ. ಅವಳ ಮಾತನ್ನು ತಳ್ಳಿಹಾಕಲು ನನಗಂತೂ ಕಾರಣ ಕಾಣುವುದಿಲ್ಲ. ನೀವು ಗಟ್ಟಿ ಆವೃತ್ತಿ ಬರೆದಿದ್ದರೆ ಇಲ್ಲಿ ನಿಂತು ಅದಕ್ಕೆ ಗೀಟು ಹಾಕುವುದು ವಾಸಿ.

ಮೂರನೇ ತಿರುವು, ಅಮಾರಲಿಸ್ಟ್, ಅಂದರೆ ಸರಿ ತಪ್ಪು ಗೊತ್ತಿದ್ದೂ ಅದಕ್ಕೆ ಕ್ಯಾರೇ ಅನ್ನದವರು. ಈಗ ಅವಳಿಗೆ ಖಿನ್ನತೆ ಇಲ್ಲ, ದಣಿವಿಲ್ಲ, ತಲೆ ಚುರುಕಾಗಿದೆ. "ಹೇಳಬೇಕಾದದ್ದು ನನ್ನ ಕರ್ತವ್ಯ. ಹೌದು. ಆದರೆ ಕರ್ತವ್ಯ ಅನ್ನುವುದು ನನಗೆ ಲೆಕ್ಕಕ್ಕಿಲ್ಲ" ಅನ್ನುತ್ತಾಳೆ, ಡ್ರಾಫ್ಟ್ ಡಿಲೀಟ್ ಮಾಡಿ ಹಾಯಾಗಿ ಮನೆಗೆ ಹೋಗುತ್ತಾಳೆ. ಇಂಥವರು ಇರಬಲ್ಲರು, ಇರಬಲ್ಲರು ಅನ್ನುವುದನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು, ಹಾಗಿದ್ದ ಮೇಲೆ ನಂಟು ಕಡ್ಡಾಯ ಹೇಗಾಗುತ್ತದೆ ಅಂತ ಡೇವಿಡ್ ಬ್ರಿಂಕ್ 1980ರ ದಶಕದಲ್ಲಿ ಒತ್ತಿ ಕೇಳಿದರು.

ಇಂಟರ್ನಲಿಸ್ಟ್ ಕೈಯಲ್ಲಿ ಎರಡು ಉತ್ತರ ಇವೆ. ಒಂದು ಆರ್. ಎಂ. ಹೇರ್ 1952ರಲ್ಲಿ ಕೊಟ್ಟದ್ದು: ಅಂಥವರು "ಕರ್ತವ್ಯ" ಅನ್ನುವಾಗ ಅದರ ಸುತ್ತ ಉದ್ಧರಣ ಚಿಹ್ನೆ ಇರುತ್ತದೆ, "ಜನ ಯಾವುದನ್ನು ಕರ್ತವ್ಯ ಅಂತಾರೋ ಅದು" ಅನ್ನುವುದಷ್ಟೇ ಅವರ ಅರ್ಥ. ಇನ್ನೊಂದು ಸ್ಮಿತ್ ಕೊಟ್ಟದ್ದು: ಹುಟ್ಟಿನಿಂದ ಕಣ್ಣು ಕಾಣದ ಒಬ್ಬರು ಯಾವುದೋ ಸಾಧನದ ಸಹಾಯದಿಂದ ಎಲ್ಲ ಬಣ್ಣಗಳ ಹೆಸರನ್ನೂ ಸರಿಯಾಗಿ ಹೇಳುತ್ತಾರೆ ಅಂತಿಟ್ಟುಕೊಳ್ಳಿ, ಆದರೂ ಬಣ್ಣದ ಪರಿಕಲ್ಪನೆ ಅವರಿಗೆ ಪೂರ್ತಿ ದಕ್ಕಿದೆಯಾ ಅನ್ನುವುದು ವಾದದ ವಿಷಯ, ಅಮಾರಲಿಸ್ಟ್ ಕಥೆಯೂ ಹಾಗೇ.

ಇವೆರಡೂ ಜಾಣತನದ ಉತ್ತರಗಳೇ. ಆದರೆ ಹೇರ್ ಉತ್ತರವನ್ನು ಸುಲಭವಾಗಿ ಪರೀಕ್ಷಿಸಬಹುದು. ನಮ್ಮ ಅಕೌಂಟೆಂಟ್ ಜನರ ಅಭಿಪ್ರಾಯವನ್ನೇ ತಿರಸ್ಕರಿಸುವವಳು ಅಂತ ಮಾಡಿ. "ಎಲ್ಲರೂ ಹೇಳುವುದು ಹಿರಿಯರ ಮಾನ ಉಳಿಯಬೇಕು ಅಂತ. ಅದು ತಪ್ಪು. ನಿಜವಾದ ಕರ್ತವ್ಯ ಆ ಹುಡುಗನನ್ನು ಬಿಡಿಸುವುದು. ಆದರೂ ನನಗೆ ಬೇಕಿಲ್ಲ" ಅನ್ನುತ್ತಾಳೆ. ಈಗ ಉದ್ಧರಣ ಚಿಹ್ನೆ ಎಲ್ಲಿ ಹಾಕುತ್ತೀರಿ? ಜನ ಕರ್ತವ್ಯ ಅನ್ನುವುದನ್ನು ಅವಳು ಆಗಲೇ ಬದಿಗಿಟ್ಟಿದ್ದಾಳಲ್ಲ.

ಇಲ್ಲಿ ಸಿಗ್ರುನ್ ಸ್ವಾವರ್ಸ್‌ಡೊಟಿರ್ 1999ರಲ್ಲಿ ಹೇಳಿದ ಒಂದು ಕೆಲಸದ ನಿಯಮ ಉಪಯೋಗಕ್ಕೆ ಬರುತ್ತದೆ. ಇಂಥ ವ್ಯಕ್ತಿಯ ವರ್ತನೆಗೆ ಹಲವು ವಿವರಣೆ ಇರಬಹುದು. ಸುಳ್ಳು ಹೇಳುತ್ತಿದ್ದಾಳೆ, ಅರ್ಥವಾಗಿಲ್ಲ, ಎಳೆತ ಇದೆ ಆದರೆ ಮುಚ್ಚಿಡುತ್ತಿದ್ದಾಳೆ, ಅಥವಾ ನಿಜಕ್ಕೂ ತೀರ್ಮಾನ ಇದೆ ಎಳೆತ ಇಲ್ಲ. ಕೊನೆಯದನ್ನು ನೋಡುವ ಮೊದಲೇ ಪಟ್ಟಿಯಿಂದ ಹೊರಗಿಡಬೇಕು ಅನ್ನುವವರೇ ಅದಕ್ಕೆ ಕಾರಣ ಕೊಡಬೇಕು.

ನಾಲ್ಕನೇ ತಿರುವು, ಮಿದುಳು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿ ಹಾಕುವ ಕೆಲಸದ ಫೋರ್‌ಮನ್ ಫಿನಿಯಾಸ್ ಗೇಜ್ ತಲೆಯ ಮುಂಭಾಗದ ಮೂಲಕ ಕಬ್ಬಿಣದ ಸಲಾಕೆ ತೂರಿಹೋಯಿತು. ಬದುಕುಳಿದ, ಆದರೆ ಸ್ವಭಾವ ಬದಲಾಯಿತು ಅಂತ ಅವನ ವೈದ್ಯ ಬರೆದ. ಮಿದುಳಿನ ಮುಂಭಾಗದ ಕೆಳಗಿನ ಒಳಬದಿಗೆ ಪೆಟ್ಟಾದ ಇತ್ತೀಚಿನ ರೋಗಿಗಳನ್ನು ನರವಿಜ್ಞಾನಿ ಅಂಟೋನಿಯೊ ಡಮಾಸಿಯೊ ಮತ್ತು ಜೊತೆಗಾರರು ಪರೀಕ್ಷಿಸಿದರು. ಕೆಲವರು ನೈತಿಕ ಪ್ರಶ್ನೆಗಳಿಗೆ ಕಾಗದದ ಮೇಲೆ ಸರಿಯಾದ ಉತ್ತರ ಕೊಡುತ್ತಾರೆ, ಬದುಕಿನಲ್ಲಿ ಮಾತ್ರ ಹಾಗೆ ನಡೆಯುವುದಿಲ್ಲ. ಮನ ಕಲಕುವ ಚಿತ್ರ ತೋರಿಸಿದರೆ ಭಾವ ಕೆರಳಿದ್ದರ ಗುರುತಾಗಿ ಚರ್ಮದ ವಿದ್ಯುತ್ ವಾಹಕತೆಯಲ್ಲಿ ಕಾಣಬೇಕಾದ ಏರಿಕೆ ಇವರಲ್ಲಿ ಕಾಣುವುದಿಲ್ಲ. 2003ರಲ್ಲಿ ಅಡೀನಾ ರಾಸ್ಕೀಸ್ ಇದನ್ನೇ ಹಿಡಿದು "ತೀರ್ಮಾನ ಉಳಿದಿದೆ, ಎಳೆತ ಹೋಗಿದೆ, ನಿಮ್ಮ ಅಮಾರಲಿಸ್ಟ್ ಇಲ್ಲೇ ಇದ್ದಾನೆ ನೋಡಿ" ಅಂದರು.

ಇದನ್ನು ಓದಿದ ಕೂಡಲೇ "ವಿಜ್ಞಾನ ತೀರ್ಪು ಕೊಟ್ಟಿತು" ಅಂತ ಹಾರಾಡಬೇಡಿ. ಆ ರೋಗಿಗಳು ಪರೀಕ್ಷೆಯಲ್ಲಿ ಉತ್ತರಿಸಿದ್ದು ಬೇರೆ ಯಾರೋ ಏನು ಮಾಡಬೇಕು ಅನ್ನುವ ಪ್ರಶ್ನೆಗೆ. ಅವರು "ಈಗ, ಇಲ್ಲಿ, ನಾನು ಮಾಡಬೇಕು" ಅಂತ ತೀರ್ಮಾನಿಸಿದ್ದರಾ? ಅದು ಕಾಗದದಲ್ಲಿ ಇಲ್ಲ. ನಮ್ಮ ಅಕೌಂಟೆಂಟ್‌ನ ತೀರ್ಮಾನ ಈ ಎರಡನೇ ಬಗೆಯದು, ಅದಕ್ಕೇ ಪ್ರಸಂಗವನ್ನು ಹಾಗೆ ಕಟ್ಟಿದ್ದು. ಸೈಕೋಪಾತ್‌ಗಳ (ಬೇರೆಯವರ ನೋವಿಗೆ ಮನಸ್ಸು ಕರಗದವರ) ಮೇಲಿನ ಅಧ್ಯಯನಗಳ ಕಥೆಯೂ ಇನ್ನೂ ಗೋಜಲು. ಅವರಿಗೆ ನೈತಿಕ ತಪ್ಪಿಗೂ ಬರೀ ರೂಢಿ ಮುರಿದ ತಪ್ಪಿಗೂ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ ಅಂತ 1995ರಲ್ಲಿ ಜೇಮ್ಸ್ ಬ್ಲೇರ್ ವರದಿ ಮಾಡಿದರು. ಅದು ನಿಜವಾದರೆ ಇಂಟರ್ನಲಿಸ್ಟ್‌ಗೆ ಲಾಭ: ಎಳೆತ ಇಲ್ಲದವರಿಗೆ ತೀರ್ಮಾನವೂ ಸೊಟ್ಟ. 2012ರಲ್ಲಿ ಇಯಾಲ್ ಅಹರೋನಿ ಮತ್ತು ಸಂಗಡಿಗರು ಪ್ರಶ್ನೆ ಕೇಳುವ ರೀತಿ ಬದಲಾಯಿಸಿ ನೋಡಿದಾಗ ಆ ವ್ಯತ್ಯಾಸ ಗುರುತಿಸುವುದರಲ್ಲಿ ಸೈಕೋಪಾತ್‌ಗಳು ಹಿಂದೆ ಬಿದ್ದಂತೆ ಕಾಣಲಿಲ್ಲ. ಈ ಸಾಕ್ಷಿಗಳನ್ನು ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಪೆನ್ನಿನಲ್ಲಿ ಬೇಡ.

ಹೆಜ್ಜೆ 5: ಈಗ ಎಕ್ಸ್‌ಟರ್ನಲಿಸ್ಟ್‌ನ ಸರದಿ

ಇಲ್ಲಿಯವರೆಗೆ ಪೆಟ್ಟು ತಿಂದದ್ದು ಒಂದೇ ಕಡೆ. ಈಗ ಪ್ರಸಂಗವನ್ನು ಹಿಂದಕ್ಕೆ ಓಡಿಸಿ. ನಮ್ಮ ಅಕೌಂಟೆಂಟ್ ವರ್ಷಗಟ್ಟಲೆ "ಜೂನಿಯರ್‌ಗಳು ಬೈಸಿಕೊಳ್ಳುವುದು ಕೆಲಸದ ಭಾಗ, ಅದರಲ್ಲೇನೂ ತಪ್ಪಿಲ್ಲ" ಅಂತ ನಂಬಿದವಳು. ಮಧ್ಯಾಹ್ನ ಸಹೋದ್ಯೋಗಿ ಜೊತೆ ಜೋರು ವಾದ ಆಯಿತು. ಅವಳಿಗೆ ವಾದ ಸರಿ ಅನ್ನಿಸಿತು. ತೀರ್ಮಾನ ಬದಲಾಯಿತು. ಸಂಜೆ ಹೊತ್ತಿಗೆ ಕೈ ತಾನಾಗಿ ಡ್ರಾಫ್ಟ್ ತೆರೆದಿದೆ. ಯಾರೂ ಬಹುಮಾನ ತೋರಿಸಿಲ್ಲ, ಗದರಿಸಿಲ್ಲ. ತೀರ್ಮಾನ ಹೋದ ಕಡೆ ಎಳೆತವೂ ಹಿಂದೆಯೇ ಹೋಯಿತು. ಒಳ್ಳೆಯ ಸ್ವಭಾವದ ಜನರಲ್ಲಿ ಇದು ಮತ್ತೆ ಮತ್ತೆ ಹೀಗೇ ಆಗುತ್ತದೆ. ಯಾಕೆ?

ನಂಟು ಒಳಗೇ ಇದೆ ಅನ್ನುವವರಿಗೆ ಉತ್ತರ ಸುಲಭ. ಎಕ್ಸ್‌ಟರ್ನಲಿಸ್ಟ್ ಹೇಳಬೇಕಾದದ್ದು: ಅವಳಲ್ಲಿ "ಸರಿಯಾದದ್ದು ಯಾವುದೋ ಅದನ್ನು ಮಾಡಬೇಕು" ಅನ್ನುವ ಒಂದು ಸಾಮಾನ್ಯ ಬಯಕೆ ಮೊದಲೇ ಇತ್ತು, ಸರಿಯಾದದ್ದು ಯಾವುದು ಅನ್ನುವ ನಂಬಿಕೆ ಬದಲಾದಾಗ ಬಯಕೆ ಹೊಸ ದಾರಿ ಹಿಡಿಯಿತು. ಸ್ಮಿತ್ ಕುಟುಕುವುದು ಇಲ್ಲೇ. ಒಳ್ಳೆಯ ಮನುಷ್ಯ ಆ ಹುಡುಗನ ಬಗ್ಗೆ ಕಾಳಜಿ ಮಾಡುತ್ತಾನೆ, ನ್ಯಾಯದ ಬಗ್ಗೆ ಮಾಡುತ್ತಾನೆ. "ಸರಿಯಾದದ್ದು" ಅನ್ನುವ ಹಣೆಪಟ್ಟಿಯ ಬಗ್ಗೆಯಲ್ಲ. ಹಣೆಪಟ್ಟಿಯನ್ನೇ ಪೂಜಿಸುವುದು ಒಂದು ಗೀಳು.

ಈ ಏಟು ಕೇಳಲು ಚೆನ್ನಾಗಿದೆ, ಆದರೆ ಸ್ವಲ್ಪ ಅತಿ ಆಯಿತು ಅಂತ ನನಗನ್ನಿಸುತ್ತದೆ. ಅಭಿಪ್ರಾಯ ಬದಲಾಗುವ ಆ ಗಳಿಗೆಯಲ್ಲಿ ಹಳೆಯ ಕಾಳಜಿಗಳು ಇನ್ನೂ ಹಳೆಯ ಕಡೆಗೇ ಜಗ್ಗುತ್ತಿರುತ್ತವೆ. ಹೊಸ ಕಾಳಜಿ ಇನ್ನೂ ಬೇರು ಬಿಟ್ಟಿರುವುದಿಲ್ಲ. ಆಗ "ನನಗೆ ಈಗ ಏನನ್ನಿಸುತ್ತದೋ ಅದು ಒತ್ತಟ್ಟಿಗಿರಲಿ, ಸರಿಯಾದದ್ದು ಯಾವುದು?" ಅಂತ ಕೇಳಿಕೊಳ್ಳುವವರನ್ನು ಗೀಳಿನವರು ಅನ್ನಲಾಗುವುದಿಲ್ಲ. ಅಲ್ಲಿ ಕೈಹಿಡಿದು ನಡೆಸುವುದೇ ಆ ಸಾಮಾನ್ಯ ಬಯಕೆ. ಸ್ಮಿತ್ ಅವರ ನಿಜವಾದ ಬಲ ಗೀಳಿನ ಆರೋಪದಲ್ಲಿಲ್ಲ, ಅದಕ್ಕೆ ಮೊದಲು ತೋರಿಸಿದ ಸಂಗತಿಯಲ್ಲಿದೆ: ತೀರ್ಮಾನದ ಹಿಂದೆ ಎಳೆತ ಹೀಗೆ ನಿಯಮಿತವಾಗಿ ಹೋಗುವುದಕ್ಕೆ ವಿವರಣೆ ಬೇಕೇ ಬೇಕು. ನೀವು ಎಕ್ಸ್‌ಟರ್ನಲಿಸಂ ಬರೆದಿದ್ದರೆ ಅವಳ ಕೈ ಯಾಕೆ ಡ್ರಾಫ್ಟ್ ತೆರೆಯಿತು ಅಂತ ಒಂದು ಸಾಲಿನಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ನಿಮ್ಮ ನಿಲುವು ಇನ್ನೂ ಅರ್ಧ ಬೆಂದಿದೆ.

ಹೆಜ್ಜೆ 6: ಷರತ್ತು ಟೊಳ್ಳಾ ಅಂತ ತಟ್ಟಿ ನೋಡಿ

ಹೆಚ್ಚಿನವರು ಈ ಹೊತ್ತಿಗೆ ಷರತ್ತಿನ ಇಂಟರ್ನಲಿಸಂಗೆ ಬಂದಿರುತ್ತಾರೆ. ಖಿನ್ನತೆ ಬಂತಾ? "ಅವಳ ವಿವೇಕ ಸರಿ ಇಲ್ಲ, ವಿನಾಯಿತಿ." ಅಮಾರಲಿಸ್ಟ್ ಬಂದಳಾ? "ಅವಳ ವಿವೇಕವೂ ಸರಿ ಇಲ್ಲ." ಮಿದುಳಿನ ಪೆಟ್ಟು? "ಅದೂ." ಹೀಗೆ ಬಂದವರಿಗೆಲ್ಲ ವಿನಾಯಿತಿ ಚೀಟಿ ಹಂಚುತ್ತಾ ಹೋದರೆ ಕೊನೆಗೆ ಉಳಿಯುವುದು "ತೀರ್ಮಾನ ಯಾರನ್ನು ಎಳೆಯುತ್ತದೋ ಅವರನ್ನು ಎಳೆಯುತ್ತದೆ" ಅನ್ನುವ ಮಾತು. ಅದು ಸುಳ್ಳಲ್ಲ, ಸುಮ್ನೆ ಖಾಲಿ.

ಅದಕ್ಕೇ ಮೊದಲೇ ಪಟ್ಟಿ ಹಾಕಲು ಹೇಳಿದ್ದು. ಈಗ ಹಾಳೆ ತೆಗೆದು ನೋಡಿ. ಖಿನ್ನತೆ ಆ ಪಟ್ಟಿಯಲ್ಲಿ ಇತ್ತಾ? ಇತ್ತು ಅಂದರೆ, ನಿಮ್ಮ ಷರತ್ತಿಗೆ ಎಳೆತವನ್ನು ಬಿಟ್ಟು ಬೇರೆ ಅಳತೆಗೋಲು ಇದೆ ಅಂತ ಅರ್ಥ: ಕಾಯಿಲೆ, ನಿದ್ದೆಗೆಡುವುದು, ಎಲ್ಲದರಲ್ಲೂ ಉತ್ಸಾಹ ಬತ್ತುವುದು. ಒಳ್ಳೆಯದು. ಅಮಾರಲಿಸ್ಟ್ ಇದ್ದಳಾ? ಅವಳನ್ನು ಅವಿವೇಕಿ ಅನ್ನಲು ನಿಮ್ಮ ಕೈಯಲ್ಲಿ ಇರುವ ಒಂದೇ ಪುರಾವೆ ಅವಳಿಗೆ ಎಳೆತ ಇಲ್ಲ ಅನ್ನುವುದಾದರೆ ಷರತ್ತು ಅಲ್ಲಿಗೆ ಟೊಳ್ಳಾಯಿತು. ಸ್ಮಿತ್ ಇದಕ್ಕೆ ಗಟ್ಟಿ ಉತ್ತರ ಕಟ್ಟಲು ನೋಡುತ್ತಾರೆ: ನೈತಿಕ ತೀರ್ಮಾನ ಅಂದರೆ "ನಾನು ಪೂರ್ತಿ ವಿವೇಕಿಯಾಗಿದ್ದರೆ ನನಗೆ ಇದು ಬೇಕಾಗಿರುತ್ತಿತ್ತು" ಅನ್ನುವ ನಂಬಿಕೆ, ಆ ನಂಬಿಕೆ ಇದ್ದೂ ಬೇಡ ಅನ್ನುವುದರಲ್ಲಿ ತನ್ನ ಅಳತೆಯಿಂದಲೇ ತಾನು ತಪ್ಪುವುದು ಇದೆ. ಈ ದಾರಿ ಹಿಡಿಯುವುದಾದರೆ ಹಿಡಿಯಿರಿ, ಆದರೆ ಪೂರ್ತಿ ವಿವೇಕಿಗಳಾದವರೆಲ್ಲ ಒಂದೇ ನೈತಿಕ ಉತ್ತರಕ್ಕೆ ಬಂದು ಸೇರುತ್ತಾರೆ ಅನ್ನುವ ಭಾರೀ ಭರವಸೆಯನ್ನೂ ಜೊತೆಗೆ ಹೊರಬೇಕಾಗುತ್ತದೆ. ನನ್ನ ಬೆನ್ನಿಗೆ ಅದು ಭಾರ.

ಹೆಜ್ಜೆ 7: ಬೆಲೆ ಕಟ್ಟಿ

ಇಷ್ಟೆಲ್ಲ ಯಾಕೆ ಮುಖ್ಯ ಅಂತ ಈ ಹೆಜ್ಜೆಯಲ್ಲಿ ಕಾಣುತ್ತದೆ. ಮೂರು ಸಾಲು ಬರೆಯಿರಿ.

ನೈತಿಕ ತೀರ್ಮಾನ ಅನ್ನುವುದು ಒಂದು ನಂಬಿಕೆ, ಸರಿ ಅಥವಾ ತಪ್ಪಾಗಬಲ್ಲದ್ದು.
ನೈತಿಕ ತೀರ್ಮಾನದಲ್ಲಿ ಎಳೆತ ಕಡ್ಡಾಯವಾಗಿ ಇರುತ್ತದೆ.
ನಂಬಿಕೆ ಒಂದೇ ಯಾರನ್ನೂ ಎಳೆಯಲಾರದು, ಜೊತೆಗೆ ಬೇರೆ ಒಂದು ಬಯಕೆ ಬೇಕು.

ಮೂರೂ ಒಂದೊಂದಾಗಿ ನೋಡಿದರೆ ಸರಿ ಅನ್ನಿಸುತ್ತವೆ. ಮೂರೂ ಒಟ್ಟಿಗೆ ನಿಲ್ಲಲಾರವು. ಮೂರನೆಯದರ ಬೇರು 1739–40ರಲ್ಲಿ ಪ್ರಕಟವಾದ ಡೇವಿಡ್ ಹ್ಯೂಮ್ ಅವರ ಕೃತಿಯಲ್ಲಿದೆ. ಬುದ್ಧಿ ತಾನೊಂದೇ ನಮ್ಮನ್ನು ಕೆಲಸಕ್ಕೆ ಹಚ್ಚಲಾರದು, ನೀತಿ ಹಚ್ಚುತ್ತದೆ, ಹಾಗಾಗಿ ನೀತಿ ಬರೀ ಬುದ್ಧಿಯಿಂದ ಬಂದದ್ದಲ್ಲ ಅಂತ ಅವರು ವಾದಿಸಿದರು. ನಂಬಿಕೆ, ಬಯಕೆ ಯಾಕೆ ಬೇರೆ ಬೇರೆ ಅನ್ನುವುದಕ್ಕೆ ಎಲಿಜಬೆತ್ ಆನ್ಸ್‌ಕೋಂಬ್ 1957ರಲ್ಲಿ ಕೊಟ್ಟ ಉದಾಹರಣೆ ಇಂದಿಗೂ ಚಾಲ್ತಿಯಲ್ಲಿದೆ: ಒಬ್ಬ ಸಾಮಾನಿನ ಚೀಟಿ ಹಿಡಿದು ಖರೀದಿ ಮಾಡುತ್ತಾನೆ, ಅವನ ಹಿಂದೆ ಒಬ್ಬ ಪತ್ತೇದಾರ ಅವನು ತೆಗೆದುಕೊಂಡದ್ದನ್ನೆಲ್ಲ ಬರೆದುಕೊಳ್ಳುತ್ತಾನೆ. ಚೀಟಿಗೂ ಚೀಲಕ್ಕೂ ತಾಳೆಯಾಗದಿದ್ದರೆ ಪತ್ತೇದಾರ ಚೀಟಿ ತಿದ್ದಬೇಕು, ಖರೀದಿದಾರ ಚೀಲ ತಿದ್ದಬೇಕು. ನಂಬಿಕೆ ಪತ್ತೇದಾರನ ಚೀಟಿಯ ಥರ, ಬಯಕೆ ಖರೀದಿದಾರನ ಚೀಟಿಯ ಥರ ಅಂತ ಆಮೇಲಿನವರು ಇದನ್ನು ಬಳಸಿಕೊಂಡರು.

ಮೊದಲ ಸಾಲು ಅಳಿಸಿದರೆ ನೀವು ಎ. ಜೆ. ಏಯರ್, ಸಿ. ಎಲ್. ಸ್ಟೀವನ್‌ಸನ್, ಹೇರ್ ಇವರ ಸಾಲಿಗೆ ಹೋಗುತ್ತೀರಿ. ತೀರ್ಮಾನ ಅಂದರೆ ಭಾವದ ಅಥವಾ ಆಜ್ಞೆಯ ಅಭಿವ್ಯಕ್ತಿ. ಎಳೆತ ಅಲ್ಲೇ ಸಿಕ್ಕಿತು. ಬೆಲೆ: "ಸುಳ್ಳು ಹೇಳುವುದು ತಪ್ಪಾದರೆ ಹೇಳಿಸುವುದೂ ತಪ್ಪು" ಅನ್ನುವ ವಾಕ್ಯದಲ್ಲಿ ನೀವು ಯಾವ ಭಾವವನ್ನೂ ಹೊರಹಾಕುತ್ತಿಲ್ಲ, ಆದರೂ ಅದರಿಂದ ತರ್ಕ ಮಾಡುತ್ತೀರಿ. ಹೇಗೆ? ಪೀಟರ್ ಗೀಚ್ 1965ರಲ್ಲಿ ಹಾಕಿದ ಈ ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ.

ಮೂರನೇ ಸಾಲು ಅಳಿಸಿದರೆ ಥಾಮಸ್ ನೇಗಲ್, ಜಾನ್ ಮೆಕ್‌ಡೊವೆಲ್ ಜೊತೆಗಿರುತ್ತಾರೆ. ಪರಿಸ್ಥಿತಿಯನ್ನು ಸರಿಯಾಗಿ ಕಂಡದ್ದೇ ಎಳೆಯಲು ಸಾಕು. ಬೆಲೆ: ಕಂಡರೆ ಸಾಕು ಜಗ್ಗುವ ಸಂಗತಿಗಳು ಜಗತ್ತಿನಲ್ಲಿವೆ ಅಂತಾಗುತ್ತದೆ, ಅಂಥವು ಎಷ್ಟು ವಿಚಿತ್ರವಾಗಿರಬೇಕು ಅಂತ ಜೆ. ಎಲ್. ಮ್ಯಾಕಿ 1977ರಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಖಿನ್ನತೆಯ ಪ್ರಸಂಗವೂ ಇಲ್ಲಿ ಹೆಚ್ಚು ನೋಯಿಸುತ್ತದೆ. ಅವಳು ಪರಿಸ್ಥಿತಿಯನ್ನು ಸರಿಯಾಗಿ ಕಾಣುತ್ತಿಲ್ಲ ಅನ್ನಬೇಕಾಗುತ್ತದೆ.

ಎರಡನೆಯದನ್ನು ಅಳಿಸಿದರೆ ಎಕ್ಸ್‌ಟರ್ನಲಿಸಂ. ಬೆಲೆ ಐದನೇ ಹೆಜ್ಜೆಯಲ್ಲೇ ನೋಡಿದಿರಿ.

ನಾನು ಎರಡನೆಯದನ್ನು ಅಳಿಸುವುದಿಲ್ಲ, ತೆಳ್ಳಗೆ ಮಾಡುತ್ತೇನೆ. ಒಬ್ಬೊಬ್ಬರ ತಲೆಯೊಳಗೆ ಕಡ್ಡಾಯದ ನಂಟು ಹುಡುಕುವುದನ್ನು ಬಿಟ್ಟು, ಈ ಮಾತುಗಳನ್ನು ಒಟ್ಟಿಗೆ ಬಳಸುವ ಜನರ ನಡುವೆ ಹುಡುಕಿದರೆ ಬತ್ತಿದ ಮನಸ್ಸಿನವಳಿಗೂ ಅಮಾರಲಿಸ್ಟ್‌ಗೂ ಜಾಗ ಸಿಗುತ್ತದೆ. ಎಲ್ಲರೂ ಅಮಾರಲಿಸ್ಟ್‌ಗಳೇ ಆದ ಒಂದು ಲೋಕದಲ್ಲಿ "ಕರ್ತವ್ಯ" ಅನ್ನುವುದಕ್ಕೆ ಏನು ಕೆಲಸ ಅಂತ ಊಹಿಸಲು ಹೋದರೆ ನನಗೆ ಊಹೆ ಸಾಗುವುದಿಲ್ಲ. ಇದರ ಬೆಲೆಯೂ ಇದೆ: ಅವಳೊಬ್ಬಳಲ್ಲೇ ತೀರ್ಮಾನದಿಂದ ಬೆರಳಿಗೆ ದಾರಿ ಹೇಗೆ ಅಂತ ಕೇಳಿದರೆ, ಸಮುದಾಯ ತೋರಿಸಿ ಪಾರಾಗಲು ಆಗುವುದಿಲ್ಲ. ಅಲ್ಲಿ ನಾನು ಎಕ್ಸ್‌ಟರ್ನಲಿಸ್ಟ್ ಹೇಳುವುದನ್ನೇ ಸಾಲ ತಂದುಕೊಳ್ಳಬೇಕು.

ಹೆಜ್ಜೆ 8: ಹೊಸ ಪ್ರಸಂಗದಲ್ಲಿ ಓಡಿಸಿ ನೋಡಿ

ಹಳೆಯ ಪ್ರಸಂಗಗಳಿಗೆ ಹೊಂದುವಂತೆ ನಿಲುವು ತಿದ್ದಿದ ಮೇಲೆ ಹೊಸದೊಂದರ ಮೇಲೆ ಪರೀಕ್ಷಿಸದಿದ್ದರೆ ಮಾಡಿದ್ದೆಲ್ಲ ದಂಡ. ಇದನ್ನು ತೆಗೆದುಕೊಳ್ಳಿ: ಒಂದು ಕಂಪ್ಯೂಟರ್ ಪ್ರೋಗ್ರಾಂ ಇದೆ. ಅಕೌಂಟೆಂಟ್ ಪ್ರಸಂಗ ಕೊಟ್ಟರೆ "ಅವಳು ಒಪ್ಪಿಕೊಳ್ಳಬೇಕು" ಅನ್ನುತ್ತದೆ. ಕಾರಣ ಕೊಡುತ್ತದೆ. ಎದುರುವಾದ ಹಾಕಿದರೆ ಕೆಲವೊಮ್ಮೆ ಅಭಿಪ್ರಾಯ ಬದಲಾಯಿಸುತ್ತದೆ. ಅದಕ್ಕೆ ಯಾವ ಬಯಕೆಯೂ ಇಲ್ಲ ಅಂತ ವಾದಕ್ಕೆ ಇಟ್ಟುಕೊಳ್ಳೋಣ. ಅದು ನೈತಿಕ ತೀರ್ಮಾನ ಮಾಡಿತಾ?

"ಇಲ್ಲ" ಅಂತ ತಟ್ಟನೆ ಬಂದರೆ, ಬತ್ತಿದ ಮನಸ್ಸಿನ ಅಕೌಂಟೆಂಟ್‌ಗೆ "ಹೌದು" ಅಂದದ್ದು ಯಾಕೆ ಅಂತ ಹೇಳಬೇಕು. ಹಿಂದೆ ಅವಳಿಗೆ ಎಳೆತ ಇತ್ತು ಅನ್ನುವುದು ಕಾರಣವಾದರೆ, ನಿಮ್ಮ ನಂಟು ಇತಿಹಾಸದ ಮೇಲೆ ನಿಂತಿದೆ. ಅದನ್ನು ಮೂರನೇ ಹೆಜ್ಜೆಯ ಸಾಲಿಗೆ ಸೇರಿಸಿ. "ಹೌದು, ಮಾಡಿತು" ಅಂತ ಬಂದರೆ ನೀವು ಒಬ್ಬೊಬ್ಬರ ವಿಷಯದಲ್ಲಿ ಎಕ್ಸ್‌ಟರ್ನಲಿಸ್ಟ್, ಹಾಳೆಯ ಮೇಲೆ ಬೇರೆ ಏನೇ ಬರೆದಿರಲಿ. "ನಮ್ಮ ನಡುವೆ ಬಳಕೆಯಲ್ಲಿರುವ ಮಾತುಗಳನ್ನು ಸಾಲ ಪಡೆದು ಮಾಡಿತು" ಅಂತ ಬಂದರೆ ನನ್ನ ಪಕ್ಕ ಒಂದು ಕುರ್ಚಿ ಖಾಲಿ ಇದ್ದೇ ಇದೆ, ಆದರೆ ಇನ್ನೊಂದು ಪ್ರಶ್ನೆ ಇಬ್ಬರಿಗೂ ಕಾದಿದೆ: ಅಂಥ ಪ್ರೋಗ್ರಾಂಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಶುರುಮಾಡಿ, ಕೇಳಲು ಮನುಷ್ಯರು ಯಾರೂ ಇಲ್ಲದೇ ಹೋದರೆ, ಆಗಲೂ ಅದು ತೀರ್ಮಾನವಾ?